ಒಂದು ಹೊತ್ತಿಗೆ ಮೂರು ಮಿಲಿ

ಕಾಯಿಲೆ ಬಿದ್ದ ದನಕ್ಕೆ ಬಿದಿರಿನ ಗೊಟ್ಟದಲ್ಲಿ ಕಷಾಯ ಕುಡಿಸಿದ ಕೈಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇವೆ. ಬೇಧಿಯಾದ ನಾಯಿಮರಿಗೆ ಅಕ್ಕಿಗಂಜಿ ಕಾಸಿಕೊಡುವುದೂ ನಮಗೆ ಗೊತ್ತು. ಇಲಿಗೆ ಅಂಥದೇ ಆರೈಕೆ ಮಾಡಬೇಕಾಗಿ ಬಂದರೆ ಏನು ಮಾಡುವುದು ಎಂಬ ಪ್ರಶ್ನೆ ಮಾತ್ರ ಹೊಸದು. ಬೆಂಗಳೂರಿನಲ್ಲಿ ಇಲಿ ಸಾಕುವ ಮನೆಗಳು ಈಗ ಇವೆ. ಆ ಇಲಿಗಳಿಗೆ ಎರಡು ವರ್ಷಕ್ಕೇ ಮುಪ್ಪು ಬರುತ್ತದೆ, ಮುಪ್ಪಿನ ಬೆನ್ನಿಗೆ ಕಾಯಿಲೆಯೂ ಬರುತ್ತದೆ.

ಅಂಥದೊಂದು ಮನೆಯಲ್ಲಿ ನಡೆದ ಮಾತುಕತೆ ಇದು. ಒಬ್ಬರು ತೀರ್ಥಹಳ್ಳಿ ಕಡೆಯವರು, ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತರಾದವರು. ಇನ್ನೊಬ್ಬಳು ಅವರ ತಂಗಿಯ ಮಗಳು, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅವಳು ಸಾಕಿದ ಎರಡು ಹೆಣ್ಣಿಲಿಗಳಲ್ಲಿ ಒಂದು ಮೂರು ದಿನದಿಂದ ಸರಿಯಾಗಿ ತಿನ್ನುತ್ತಿಲ್ಲ. ತಲೆ ಒಂದು ಪಕ್ಕಕ್ಕೆ ವಾಲಿದೆ. ಮುಂಗಾಲಲ್ಲಿ ಕಾಳು ಹಿಡಿಯಲು ಹೋದರೆ ಜಾರಿ ಬೀಳುತ್ತದೆ. ಒಳಗಿವಿಯ ಸೋಂಕು ಇರಬಹುದು, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯೂ ಇರಬಹುದು ಎಂದಿದ್ದಾರೆ ಪಶುವೈದ್ಯರು. ವಯಸ್ಸಾದ ಹೆಣ್ಣಿಲಿಗಳಲ್ಲಿ ಎರಡೂ ಅಪರೂಪವಲ್ಲ. ಸೋಂಕಾದರೆ ಆಂಟಿಬಯಾಟಿಕ್‌ಗೆ ಬಗ್ಗಬಹುದು. ಗಡ್ಡೆಯಾದರೆ ಸ್ಟೀರಾಯ್ಡ್‌ನಿಂದ ಸ್ವಲ್ಪ ದಿನ ತಡೆಯಬಹುದು, ಅಷ್ಟೇ. ಯಾವುದೆಂದು ತಿಳಿಯಲು ಔಷಧಿ ಕೊಟ್ಟು ಕಾಯಬೇಕು. ಕಾಯುವಷ್ಟು ದಿನ ಇಲಿ ಬದುಕಿರಬೇಕು.

"ಏನೇ ಪುಟ್ಟಿ, ಸಿರಿಂಜ್‌ನಲ್ಲಿ ಅದರ ಬಾಯಿಗೆ ಹಿಂಡ್ತಾ ಇದೀಯಲ್ಲ, ಅದು ಬೇಡ ಅನ್ನೋದು ನಿಂಗೆ ಕಾಣ್ತಿಲ್ವಾ?"

"ಬೇಡ ಅಂತಿಲ್ಲ ದೊಡ್ಡಮ್ಮ. ನೋಡಿ, ಚಮಚ ಹಿಡಿದ್ರೆ ನೆಕ್ಕೋಕೆ ಬರ್ತಾಳೆ. ಕೈಲಿ ಹಿಡಿಯೋಕಾಗಲ್ಲ, ಗಟ್ಟಿ ಕಾಳು ಅಗಿಯೋಕಾಗಲ್ಲ. ತಿನ್ನೋ ಮನಸ್ಸಿದೆ, ದಾರಿ ಇಲ್ಲ."

"ಮನಸ್ಸು ಇದೆ ಅಂತ ಮನೆಯೋರಿಗೆ ಯಾವಾಗಲೂ ಅನ್ಸುತ್ತೆ. ವಾರ್ಡ್‌ನಲ್ಲಿ ನೋಡಿದ್ದೀನಲ್ಲ. ಮೊದಲು ಹಸಿವು ಹೋಗುತ್ತೆ, ಆಮೇಲೆ ಬಾಯಾರಿಕೆ, ಆಮೇಲೆ ಮನುಷ್ಯ. ಮಕ್ಕಳು ಮಾತ್ರ ಕೊನೇವರೆಗೂ ಲೋಟ ಹಿಡ್ಕೊಂಡು ಕೂತಿರ್ತಾರೆ. ಒಂದು ತುತ್ತು ಹೋದ್ರೆ ಅವರಿಗೆ ಸಮಾಧಾನ. ಆ ತುತ್ತು ಗಂಟಲಲ್ಲಿ ಗೊರಗೊರ ಅನ್ನೋದು ರೋಗಿಗೆ ತಾನೆ?"

"ಅವರು ಸಾಯೋ ಹೊತ್ತಿನೋರು. ಇವಳು ಸಾಯ್ತಾ ಇದಾಳೋ ಇಲ್ವೋ ಅನ್ನೋದೇ ಗೊತ್ತಿಲ್ವಲ್ಲ. ಸೋಂಕೇ ಆಗಿದ್ರೆ, ನಾವು ತಿನ್ಸದೇ ಬಿಟ್ಟಿದ್ದಕ್ಕೆ ಸತ್ತಳು ಅಂತ ಆಗುತ್ತೆ."

ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಜಿನ ಮೇಲಿತ್ತು. ಪಕ್ಕದಲ್ಲಿ ಒಂದು ಪಟ್ಟಿ: ಭಾನುವಾರ 310 ಗ್ರಾಂ, ಬುಧವಾರ 284.

"ಇಪ್ಪತ್ತಾರು ಗ್ರಾಂಗೆ ಇಷ್ಟು ಗಾಬರಿಯಾ?"

"ನೂರಕ್ಕೆ ಎಂಟು ಭಾಗ ದೊಡ್ಡಮ್ಮ. ಅರವತ್ತು ಕಿಲೋ ಇರೋ ಮನುಷ್ಯ ಮೂರು ದಿನದಲ್ಲಿ ಐದು ಕಿಲೋ ಇಳಿದ್ರೆ ನೀವು ಸುಮ್ನಿರ್ತಿದ್ರಾ?"

ದೊಡ್ಡಮ್ಮ ಸುಮ್ಮನಿರಲಿಲ್ಲ. ಇಲಿಯನ್ನು ಮುಟ್ಟಲು ಮೊದಲು ಕೈಗವಸು ಕೇಳಿದರು. ಮಲೆನಾಡಿನಲ್ಲಿ ಇಲಿ ಜ್ವರದ ರೋಗಿಗಳನ್ನು ಕಂಡವರಿಗೆ ಆ ಎಚ್ಚರ ಸಹಜ. ಆ ಜ್ವರ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾವನ್ನು ಸಾಕಿದ ಇಲಿಯೂ ಮೂತ್ರದಲ್ಲಿ ಹೊರಹಾಕಬಲ್ಲದು. ಗೂಡು ತೊಳೆದ ಮೇಲೆ ಸೋಪಿನಿಂದ ಕೈ ತೊಳೆಯುವುದು, ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕುವುದು ಇಲಿ ಸಾಕುವವರ ಮೊದಲ ಪಾಠ ಆಗಬೇಕು. ಕೈಗವಸು ತೊಟ್ಟು ಅವರು ಮಾಡಿದ್ದು ಬೇಧಿಯಾದ ಮಗುವಿಗೆ ಮಾಡುವ ಪರೀಕ್ಷೆಯನ್ನೇ. ಹೆಗಲ ಮೇಲಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ನೀರು ಸಾಕಷ್ಟಿರುವ ಇಲಿಯಲ್ಲಿ ಅದು ಕೂಡಲೇ ಕೂರುತ್ತದೆ. ಇಲ್ಲಿ ಗುಡಾರದ ಹಾಗೆ ಒಂದು ಗಳಿಗೆ ನಿಂತು ಮೆಲ್ಲಗೆ ಇಳಿಯಿತು.

"ನೀರಿಲ್ಲ ಕಣೇ ಮೈಯಲ್ಲಿ. ಕಣ್ಣಲ್ಲಿ ರಕ್ತ ಬೇರೆ ಬಂದಿದೆ!"

"ಅದು ರಕ್ತ ಅಲ್ಲ. ಕಣ್ಣಿನ ಹಿಂದೆ ಹಾರ್ಡೇರಿಯನ್ ಗ್ರಂಥಿ ಅಂತ ಇದೆ, ಅದರಿಂದ ಪೋರ್ಫಿರಿನ್ ಅನ್ನೋ ಕೆಂಪು ಬಣ್ಣ ಬರುತ್ತೆ. ಆರೋಗ್ಯವಾಗಿದ್ರೆ ಮುಖ ತೊಳ್ಕೊಂಡು ಅಳಿಸ್ಬಿಡ್ತಾಳೆ. ಈಗ ಕೈಕಾಲು ಆಡ್ತಿಲ್ಲ, ಅದಕ್ಕೆ ಹಾಗೇ ಒಣಗಿ ಕೂತಿದೆ. ಕಾಯಿಲೆ ಇದೆ, ಆಯಾಸ ಇದೆ ಅನ್ನೋಕೆ ಗುರುತು, ಅಷ್ಟೇ. ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಒರೆಸ್ತೀನಿ."

"ಸರಿ. ಕಾಲು ಮುಟ್ಟಿ ನೋಡಿದ್ಯಾ? ಬಾಲ? ತಣ್ಣಗಿದೆ. ಕಡಿಮೆ ತೂಕದ ಕೂಸು ಹುಟ್ಟಿದ್ರೆ ನಾವು ಹಾಲು ಆಮೇಲೆ ನೋಡ್ತಿದ್ವಿ, ಮೊದಲು ಅಮ್ಮನ ಎದೆಗೆ ಒತ್ತಿ ಬೆಚ್ಚಗೆ ಮಾಡ್ತಿದ್ವಿ. ತಣ್ಣಗಾದ ಕರುಳು ಕೆಲಸ ಮಾಡಲ್ಲ. ಹಾಕಿದ್ದು ಅಲ್ಲೇ ಕೂತು ಹೊಟ್ಟೆ ಉಬ್ಬುತ್ತೆ. ನೀನು ಒಂದು ಗಂಟೆಯಿಂದ ತಣ್ಣಗಿನ ಪ್ರಾಣಿಗೆ ಗಂಜಿ ಹಿಂಡ್ತಾ ಇದೀಯ."

ಹುಡುಗಿ ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ ಗೂಡಿನ ಅರ್ಧ ಭಾಗಕ್ಕೆ ಮಾತ್ರ ಇಟ್ಟಳು. ಅರ್ಧಕ್ಕೆ ಏಕೆಂದರೆ ಕಾವು ಹೆಚ್ಚಾಯಿತು ಅನ್ನಿಸಿದರೆ ಇಲಿ ಆಚೆ ಸರಿಯಬೇಕು. ಇಲಿ ಬೆವರುವುದಿಲ್ಲ, ಮೈಯ ಶಾಖವನ್ನು ಬಾಲದ ಮೂಲಕವೇ ಬಹಳಷ್ಟು ಹೊರಹಾಕುತ್ತದೆ. ಮೊದಲು ಕಾವು, ಆಮೇಲೆ ನೀರು, ಕೊನೆಗೆ ಅನ್ನ: ಈ ಸರದಿ ತಪ್ಪಿದರೆ ಪ್ರೀತಿಯಿಂದ ಕೊಟ್ಟದ್ದೂ ಕೇಡು ಮಾಡುತ್ತದೆ. ಇಲಿ ಸಾಕದ ದೊಡ್ಡಮ್ಮನಿಗೆ ಇದು ಗೊತ್ತಿತ್ತು, ಸಾಕಿದವಳಿಗೆ ಹೊಳೆದಿರಲಿಲ್ಲ.

"ನೀರಿಗೆ ಏನು ಕೊಡ್ತಿದೀಯ?"

"ಓಆರ್‌ಎಸ್. ಚೂರು ಪುಡಿ ಒಂದು ಲೋಟಕ್ಕೆ ಹಾಕಿ."

"ಚೂರು ಗೀರು ನಡೆಯಲ್ಲ. ಒಂದು ಲೀಟರಿನ ಪೊಟ್ಟಣ ಅಂದ್ರೆ ಇಡೀ ಪೊಟ್ಟಣ ಒಂದು ಲೀಟರ್ ನೀರಿಗೇ. ಪುಡಿಯೊಳಗೆ ಉಪ್ಪು, ಗ್ಲೂಕೋಸ್ ಸಮವಾಗಿ ಬೆರೆತಿರಲ್ಲ, ಚಮಚಕ್ಕೆ ಉಪ್ಪೇ ಬಂದ್ರೆ? ಕಲಸಿ ಇಟ್ಕೊ, ಬೇಕಾದಷ್ಟು ತಗೋ, ಇಪ್ಪತ್ನಾಲ್ಕು ಗಂಟೆ ಆದ್ಮೇಲೆ ಚೆಲ್ಲು. ಉಳಿದಿದ್ದು ನೀನೇ ಕುಡಿ, ನಿನ್ನ ಮುಖ ನೋಡಿದ್ರೆ ನಿಂಗೂ ಬೇಕು. ಎಳನೀರು ಕೊಡೋಣ ಅಂದ್ಕೊಂಡೆ. ಬೇಡ, ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೆಟ್ಟಿರೋರಿಗೆ ನಾವು ಕೊಡ್ತಿರಲಿಲ್ಲ."

"ಮುದಿ ಇಲಿಗಳಿಗೆ ಕಿಡ್ನಿ ತೊಂದರೆ ತುಂಬಾನೇ ಬರುತ್ತೆ. ಓಆರ್‌ಎಸ್ ಎಷ್ಟು ದಿನ ಕೊಡಬಹುದು ಅಂತಾನೂ ಡಾಕ್ಟ್ರನ್ನ ಕೇಳ್ಬೇಕು ಹಾಗಾದ್ರೆ."

"ಕೇಳು. ಈ ಪುಡಿ ಸಾಮಾನ್ಯದ್ದಲ್ಲ ಪುಟ್ಟಿ. ನಮಗೆ ತರಬೇತಿಯಲ್ಲಿ ಹೇಳ್ತಿದ್ರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತ್ತು. ಬನಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟ್ಲಿ ಖಾಲಿ. ದಿಲೀಪ್ ಮಹಾಲನಬೀಸ್ ಅನ್ನೋ ಡಾಕ್ಟ್ರು ಉಪ್ಪು, ಗ್ಲೂಕೋಸು ನೀರಲ್ಲಿ ಕಲಸಿ ಡ್ರಮ್ಮಲ್ಲಿ ಇಟ್ಟು, ಮನೆಯೋರ ಕೈಲೇ ಲೋಟದಲ್ಲಿ ಕುಡ್ಸಿದ್ರು. ನೂರಕ್ಕೆ ಮೂವತ್ತು ಜನ ಸಾಯ್ತಿದ್ದಿದ್ದು ನಾಲ್ಕರೊಳಗೆ ಬಂತು."

"ಅದು ಯಾಕೆ ಕೆಲಸ ಮಾಡುತ್ತೆ ಅನ್ನೋದನ್ನ ಯಾರ ಕರುಳಲ್ಲಿ ನೋಡಿದ್ರು ಗೊತ್ತಾ ದೊಡ್ಡಮ್ಮ? 1960ರಲ್ಲಿ ಪೀಟರ್ ಕರನ್ ಅನ್ನೋರು ಸಣ್ಣ ಕರುಳಿನ ತುಂಡು ಇಟ್ಕೊಂಡು, ಸೋಡಿಯಂ ಹೀರ್ಕೊಂಡ ಕಡೆಗೇ ನೀರೂ ಹೋಗುತ್ತೆ ಅಂತ ಅಳೆದು ತೋರಿಸಿದ್ರು. ಅದು ಇಲಿಯ ಕರುಳು."

ದೊಡ್ಡಮ್ಮ ಒಂದು ಗಳಿಗೆ ಮಾತಾಡಲಿಲ್ಲ. ಅದೇ ವರ್ಷ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಪ್ರಾಗ್ ನಗರದ ಸಭೆಯೊಂದರಲ್ಲಿ ಕರುಳಿನ ಗೋಡೆಯನ್ನು ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿಯೇ ದಾಟುತ್ತವೆ ಎಂದು ಮುಂದಿಟ್ಟಿದ್ದರು. ಈ ಎರಡು ತಿಳಿವುಗಳು ಕೂಡಿಯೇ ಪೊಟ್ಟಣದ ಹಿಂದಿನ ವಿಜ್ಞಾನವಾಯಿತು. ಮಹಾಲನಬೀಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಮನುಷ್ಯನನ್ನು ಉಳಿಸಿದ ನೀರನ್ನು ಇಲಿಗೆ ಕುಡಿಸುವುದು ವಿಚಿತ್ರವೆಂದು ಕಾಣುವವರು ಈ ದಾರಿಯನ್ನು ಒಮ್ಮೆ ನೆನೆಯಬೇಕು.

"ಬಾಯಿಂದ ಎಷ್ಟು ಹೋಗುತ್ತೆ?"

"ಅದೇ ಕಷ್ಟ. ನೂರು ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು ಹತ್ತು ಮಿಲಿ ನೀರು ಬೇಕು. ಇವಳಿಗೆ ಮೂವತ್ತರ ಹತ್ರ. ಆದ್ರೆ ಒಂದು ಸಲಕ್ಕೆ ಹೊಟ್ಟೆಗೆ ಕಿಲೋಗೆ ಹತ್ತು ಮಿಲಿ ದಾಟಬಾರ್ದು ಅಂತ ಪ್ರಯೋಗಾಲಯದೋರ ಲೆಕ್ಕ. ಅಂದ್ರೆ ಒಂದು ಹೊತ್ತಿಗೆ ಮೂರು ಮಿಲಿ. ದಿನಕ್ಕೆ ಹತ್ತು ಹೊತ್ತು."

"ಹತ್ತು ಹೊತ್ತು! ರಾತ್ರಿನೂ ಸೇರಿಸಿ. ಅದಕ್ಕೇ ನಿನ್ನ ಕಣ್ಣು ಗುಳಿ ಬಿದ್ದಿರೋದು. ಡಾಕ್ಟ್ರು ಚರ್ಮದ ಅಡಿಗೆ ಸಲೈನ್ ಕೊಡಲ್ವಾ? ನರ ಸಿಗದ ಮುದುಕರಿಗೆ ಹಾಗೆ ಕೊಡೋದುಂಟು."

"ಕೊಡ್ತಾರೆ. ಹೆಗಲ ಹತ್ರ ಚರ್ಮ ಎತ್ತಿ, ಬೆಚ್ಚಗೆ ಮಾಡಿದ ಸಲೈನೋ ರಿಂಗರ್ ಲ್ಯಾಕ್ಟೇಟೋ ಐದು ಹತ್ತು ಮಿಲಿ ಹಾಕ್ತಾರೆ. ಅಲ್ಲಿ ಚರ್ಮ ಉಬ್ಬಿ ನಿಧಾನಕ್ಕೆ ಇಳಿಯುತ್ತೆ. ಇವತ್ತು ಸಂಜೆ ಕರ್ಕೊಂಡು ಹೋಗ್ತೀನಿ."

"ಹೋಗು. ಇದು ಬಾಯಲ್ಲಿ ಹಿಂಡೋದಕ್ಕಿಂತ ಸಾವಿರ ಪಾಲು ಮೇಲು. ಬಾಯಿಗೆ ಅನ್ನ ಹಾಕೋದಕ್ಕೆ ಅವಸರ ಇಲ್ಲ. ನೀರಿಗೆ ಅವಸರ ಇದೆ."

ಇಲ್ಲಿಯವರೆಗೆ ಇಬ್ಬರೂ ಹತ್ತಿರ ಬಂದ ಹಾಗೆ ಕಾಣುತ್ತಿತ್ತು. ಅನ್ನದ ಮಾತು ಬಂದಾಗ ಮತ್ತೆ ದೂರವಾದರು. ಬಟ್ಟಲಿನಲ್ಲಿದ್ದ ತಿಳಿ ಗಂಜಿಯನ್ನು ದೊಡ್ಡಮ್ಮ ಮೆಚ್ಚಿದರು. ಹುಡುಗಿ ಅದು ಸಾಲದೆಂದಳು.

"ಗಂಜಿಗಿಂತ ಹಗುರ ಯಾವುದಿದೆಯೇ?"

"ಹಗುರ ಅನ್ನೋದೇ ತೊಂದರೆ. ಸುಮ್ನೆ ಮಲಗಿದ್ರೂ ಇವಳಿಗೆ ದಿನಕ್ಕೆ ಮೂವತ್ತು ಕಿಲೋಕ್ಯಾಲೊರಿ ಹತ್ರ ಬೇಕು. ಹೊಟ್ಟೆಗೆ ಹೋಗೋದು ಮೂವತ್ತು ಮಿಲಿ. ಅಂದ್ರೆ ಒಂದೊಂದು ಮಿಲಿಯಲ್ಲೂ ಒಂದು ಕಿಲೋಕ್ಯಾಲೊರಿ ಇರಬೇಕು. ತಿಳಿ ಗಂಜಿಯಲ್ಲಿ ಅದರ ಅರ್ಧಾನೂ ಇರಲ್ಲ. ಹೊಟ್ಟೆ ತುಂಬಿರುತ್ತೆ, ಮೈ ಇಳೀತಾನೇ ಇರುತ್ತೆ."

"ಹಾಗಾದ್ರೆ ಗಟ್ಟಿ ಮಾಡು."

"ಗಟ್ಟಿ ಮಾಡಿದ್ರೆ ಸಿರಿಂಜಲ್ಲಿ ಬರಲ್ಲ, ಗಂಟಲಲ್ಲಿ ಸಿಕ್ಕಾಕೊಳ್ಳುತ್ತೆ. ಇಲಿಗೆ ವಾಂತಿ ಮಾಡೋಕೆ ಬರಲ್ಲ ದೊಡ್ಡಮ್ಮ. ಸಿಕ್ಕಿದ್ದನ್ನ ಹೊರಗೆ ತಳ್ಳೋ ಶಕ್ತಿ ಇಲ್ಲ. ಕಡ್ಲೆಕಾಯಿ ಬೆಣ್ಣೆ ಥರ ಅಂಟೋದಂತೂ ಕೊಡ್ಲೇಬಾರ್ದು."

"ರಾಗಿ ಸರಿ ಗೊತ್ತಿಲ್ವಾ ನಿಂಗೆ? ನಿಮ್ಮಮ್ಮ ನಿಂಗೆ ತಿನ್ಸಿದ್ದು ಅದೇ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ವಸ್ತ್ರಗಾಳಿಸಿ ಮಾಡಿದ ಹಿಟ್ಟು. ಹಸಿ ರಾಗಿ ಹಿಟ್ಟು ಎರಡು ಚಮಚ ಹಾಕಿದ್ರೆ ಮುದ್ದೆ ಆಗುತ್ತೆ. ಮೊಳಕೆ ಹಿಟ್ಟು ಅಷ್ಟೇ ಹಾಕಿದ್ರೂ ತೆಳ್ಳಗೆ ಹರಿಯುತ್ತೆ."

ಇದು ಅಜ್ಜಿಯರ ಕೈಗುಣದ ಮಾತಷ್ಟೇ ಆಗಿ ಉಳಿದಿಲ್ಲ. ಮೊಳಕೆಯೊಡೆದ ಕಾಳಿನಲ್ಲಿ ಅಮೈಲೇಸ್ ಕಿಣ್ವ ಹುಟ್ಟುತ್ತದೆ, ಅದು ಪಿಷ್ಟವನ್ನು ಕಡಿದು ನೀರು ಹಿಡಿಯುವ ಅದರ ಶಕ್ತಿಯನ್ನು ಕುಗ್ಗಿಸುತ್ತದೆ. ಆದ್ದರಿಂದ ಅದೇ ತೆಳುವಿನಲ್ಲಿ ಹೆಚ್ಚು ಹಿಟ್ಟು, ಹೆಚ್ಚು ಶಕ್ತಿ ಹಿಡಿಯುತ್ತದೆ. ಸಣ್ಣ ಹೊಟ್ಟೆಯ ಕೂಸಿಗೆ ಬೇಕಾದ್ದೂ ಇದೇ, ಮೂರು ಮಿಲಿಯ ಹೊಟ್ಟೆಗೆ ಬೇಕಾದ್ದೂ ಇದೇ. ಹುಡುಗಿಯ ಮುಖ ಅರಳಿತು. ಸರಿಗೆ ಬೆಂದ ಮೊಟ್ಟೆಯ ಹಳದಿ ನುಣ್ಣಗೆ ಅರೆದು ಸೇರಿಸಿದರೆ ಲೆಕ್ಕ ಕೂಡುತ್ತದೆ ಎಂದಳು. ಔಷಧಿಯನ್ನೂ ಅದರಲ್ಲೇ ಕಲಸಿಬಿಡುತ್ತೇನೆ ಎಂದಳು.

"ಯಾವ ಔಷಧಿ?"

"ಡಾಕ್ಸಿಸೈಕ್ಲಿನ್. ಇನ್ನೊಂದು ಎನ್ರೋಫ್ಲಾಕ್ಸಸಿನ್."

"ಅಯ್ಯೋ, ಡಾಕ್ಸಿ ಹಾಲಿನ ಜತೆ ಕೊಡಬೇಡಿ ಅಂತ ಚೀಟಿ ಮೇಲೆ ಬರೆದು ಬರೆದು ಕೈ ಸೋತಿದೆ ನಂದು. ಕ್ಯಾಲ್ಸಿಯಂ ಅದನ್ನ ಹಿಡ್ಕೊಂಡು ಹೀರ್ಕೊಳ್ಳೋಕೆ ಬಿಡಲ್ಲ. ರಾಗಿಯಲ್ಲಿ ಎಷ್ಟು ಕ್ಯಾಲ್ಸಿಯಂ ಇದೆ ಗೊತ್ತಾ?"

ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಇದೆ. ಎನ್ರೋಫ್ಲಾಕ್ಸಸಿನ್ ಬಳಗದ ಔಷಧಿಗಳಿಗೂ ಇದೇ ತೊಡಕು. ಔಷಧಿ ಬೇರೆ ಹೊತ್ತಿಗೆ, ಸರಿ ಬೇರೆ ಹೊತ್ತಿಗೆ ಎಂದಾಯಿತು.

"ಕಲಸಬಾರ್ದು ಅನ್ನೋಕೆ ಇನ್ನೊಂದು ಕಾರಣಾನೂ ಇದೆ, ನಾನೇ ಮರೆತಿದ್ದೆ," ಎಂದಳು ಹುಡುಗಿ. "ಒಂದು ರುಚಿ ನೋಡಿ ಆಮೇಲೆ ಹೊಟ್ಟೆ ತೊಳಸಿದ್ರೆ ಇಲಿ ಆ ರುಚಿ ಮತ್ತೆ ಮುಟ್ಟಲ್ಲ. ಜಾನ್ ಗಾರ್ಸಿಯಾ ಅನ್ನೋ ವಿಜ್ಞಾನಿ 1955ರಲ್ಲೇ ತೋರಿಸಿದ್ರು. ವಾಂತಿ ಮಾಡೋಕೆ ಬರದ ಪ್ರಾಣಿಗೆ ನೆನಪೇ ಕಾವಲು. ಮೊಟ್ಟೆಯಲ್ಲಿ ಕಹಿ ಔಷಧಿ ಕೊಟ್ಟು ಅವಳಿಗೆ ಸಂಕಟ ಆದ್ರೆ, ಉಳಿದಿರೋ ಒಂದೇ ಇಷ್ಟದ ತಿಂಡೀನೂ ಕಳ್ಕೊಳ್ತಾಳೆ."

"ಹೊಟ್ಟೆ ತೊಳಸ್ತಿದೆ ಅಂತ ಗೊತ್ತಾಗೋದು ಹೇಗೆ?"

"ಮಣ್ಣು ತಿಂತಾವೆ. ಪ್ರಯೋಗಾಲಯದಲ್ಲಿ ಕೆಯೊಲಿನ್ ಅನ್ನೋ ಜೇಡಿಮಣ್ಣು ಇಟ್ಟು, ಎಷ್ಟು ತಿಂದ್ವು ಅಂತ ತೂಗಿ ಓಕರಿಕೆ ಅಳೀತಾರೆ."

"ಬಸುರಿಯರೂ ತಿಂತಾರಲ್ಲೇ," ಎಂದರು ದೊಡ್ಡಮ್ಮ. ಹೇಳಿ, ಕೈಗವಸಿನ ಬೆರಳಿಂದ ಇಲಿಯ ಬೆನ್ನನ್ನು ಒಮ್ಮೆ ಸವರಿದರು.

ತಿನ್ನಿಸುವ ಕೈಚಳಕದ ಬಗ್ಗೆ ಇಬ್ಬರಿಗೂ ಜಗಳವಿರಲಿಲ್ಲ. ಹುಡುಗಿ ತೋರಿಸಿದಳು: ಸೂಜಿ ತೆಗೆದ ಒಂದು ಮಿಲಿಯ ಸಿರಿಂಜ್. ಇಲಿಯನ್ನು ಟವೆಲ್‌ನಲ್ಲಿ ಸಡಿಲವಾಗಿ ಸುತ್ತಿ, ನಾಲ್ಕು ಕಾಲ ಮೇಲೆ ಅಥವಾ ಎದೆ ಎತ್ತಿ ಕೂರಿಸಬೇಕು, ಅಂಗಾತ ಮಲಗಿಸಲೇಬಾರದು. ಬಾಚಿ ಹಲ್ಲಿನ ಹಿಂದೆ, ದವಡೆಹಲ್ಲಿಗೆ ಮುಂಚೆ ಇಲಿಗೆ ಹಲ್ಲಿಲ್ಲದ ಸಂದಿಯಿದೆ. ಪಕ್ಕದಿಂದ ಅಲ್ಲಿಗೆ ತುದಿ ಇಟ್ಟು 0.1 ಮಿಲಿಯಷ್ಟು, ಹೆಚ್ಚೆಂದರೆ ಅದರ ಎರಡರಷ್ಟು ಬಿಡಬೇಕು. ನುಂಗಿದ್ದು ಕಂಡ ಮೇಲೆ ಮುಂದಿನ ಹನಿ. ಮೂರು ಮಿಲಿ ಹೋಗಲು ಕಾಲು ಗಂಟೆ ಬೇಕು. ನೆಕ್ಕುವ ಇಲಿಗೆ ಸಿರಿಂಜ್ ಬೇಕಿಲ್ಲ, ಚಮಚವೋ ಬೆರಳ ತುದಿಯೋ ಸಾಕು. ಅದೇ ಒಳ್ಳೆಯದು, ಏಕೆಂದರೆ ಎಷ್ಟು ಬೇಕೆಂದು ಆಗ ಇಲಿಯೇ ಹೇಳುತ್ತದೆ.

"ಉಸಿರು ನೋಡು," ಎಂದರು ದೊಡ್ಡಮ್ಮ. "ಪಕ್ಕೆ ಹೊಡ್ಕೊಳ್ತಾ ಇದ್ರೆ?"

"ಆಗ ಬಾಯಿಗೆ ಏನೂ ಹಾಕಬಾರ್ದು. ಇಲಿ ಮೂಗಿನಿಂದಲೇ ಉಸಿರಾಡೋದು. ಮೂಗು ಕಟ್ಟಿದಾಗ ಬಾಯಿಗೂ ಗಂಜಿ ತುಂಬಿದ್ರೆ ಶ್ವಾಸಕೋಶಕ್ಕೆ ಹೋಗುತ್ತೆ. ಮೈಕೋಪ್ಲಾಸ್ಮಾ ಅನ್ನೋ ಸೋಂಕು ಸಾಕಿದ ಇಲಿಗಳಲ್ಲಿ ಎಲ್ಲೆಲ್ಲೂ ಇದೆ, ಇವಳಿಗೂ ಇದ್ದೇ ಇರುತ್ತೆ."

"ಗೊತ್ತಿದ್ದೂ ಹಿಂಡ್ತೀಯ. ಅದೇ ನಂಗೆ ಹೆದರಿಕೆ. ಬೆಳಗ್ಗಿನ ಜಾವ ನಾಲ್ಕು ಗಂಟೆಗೆ, ನಿದ್ದೆಗಣ್ಣಲ್ಲಿ, ಪಟ್ಟಿಯಲ್ಲಿ ಮೂರು ಮಿಲಿ ಅಂತ ಬರೆದಿದೆ ಅಂತ ಮೂರು ಮಿಲಿನೇ ಹಾಕ್ತೀಯ. ಅದು ಎರಡಕ್ಕೇ ತಲೆ ತಿರುಗಿಸಿರುತ್ತೆ. ನಮ್ಮ ವಾರ್ಡ್‌ನಲ್ಲಿ ಮೂಗಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿದವರಿಗೂ ಹಾಗೇ. ಗಂಟೆ ನೋಡಿ ಹಾಕೋದು. ಮುಖ ನೋಡೋರು ಕಡಿಮೆ."

ಈ ಮಾತಿಗೆ ಹುಡುಗಿಯ ಬಳಿ ಉತ್ತರ ಇರಲಿಲ್ಲ, ಮತ್ತು ಈ ಮಾತು ಇಲಿಯನ್ನೂ ದಾಟಿ ಹೋಗುತ್ತದೆ. ಅವಳು ಬೇರೊಂದು ದಿಕ್ಕಿನಿಂದ ಬಂದಳು.

"ಮುಖ ನೋಡೋದನ್ನೂ ಕಲೀಬಹುದು ದೊಡ್ಡಮ್ಮ. 2011ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದೋರು ಇಲಿಗೆ ನೋವಾದಾಗ ಮುಖ ಹೇಗೆ ಬದಲಾಗುತ್ತೆ ಅಂತ ಅಳತೆಪಟ್ಟಿ ಮಾಡಿದ್ರು. ಕಣ್ಣು ಕಿರಿದಾಗುತ್ತೆ. ಉಬ್ಬಿರೋ ಮೂಗು, ಕೆನ್ನೆ ಚಪ್ಪಟೆ ಆಗುತ್ತೆ. ಕಿವಿ ಮಡಚಿ ಹೊರಗೆ ತಿರುಗುತ್ತೆ. ಮೀಸೆ ಸೆಟೆದು ನಿಲ್ಲುತ್ತೆ. ದಿನಾ ಎರಡು ಸಲ ಫೋಟೋ ತೆಗೆದು ಹೋಲಿಸ್ತೀನಿ."

"ಒಳ್ಳೇದು. ಆದ್ರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಒಂದು ಇಲಿಗೆ ಇಷ್ಟೆಲ್ಲ ಯಾಕೆ? ನಮ್ಮಜ್ಜಿ ಪ್ಲೇಗಿನ ಕತೆ ಹೇಳ್ತಿದ್ರು. ಮನೆಯಲ್ಲಿ ಇಲಿ ಸತ್ತು ಬಿದ್ರೆ ಊರೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಳ್ತಿದ್ರಂತೆ. ಈ ಬೆಂಗಳೂರಲ್ಲೂ ಪ್ಲೇಗಮ್ಮನ ಗುಡಿ ಇಲ್ವಾ?"

"1898ರಲ್ಲಿ ಬಂದಿದ್ದು. ಮಲ್ಲೇಶ್ವರ, ಬಸವನಗುಡಿ ಬೆಳೆದಿದ್ದೇ ಪ್ಲೇಗಿಗೆ ಹೆದರಿ ಜನ ಪೇಟೆಯಿಂದ ಆಚೆ ಬಂದಾಗ. ಆದ್ರೆ ಆ ಇಲಿ ಬೇರೆ, ಇವಳು ಬೇರೆ. ನಮ್ಮ ಅಟ್ಟದಲ್ಲಿ ಓಡಾಡ್ತಿದ್ದ ಕಪ್ಪು ಇಲಿಯ ಜಾತಿಯಲ್ಲ ಇವಳದು. ಇವಳ ವಂಶ ಕಂದು ಇಲಿ. ವಿಕ್ಟೋರಿಯಾ ರಾಣಿ ಕಾಲದಲ್ಲಿ ಲಂಡನ್ನಿನಲ್ಲಿ ಇಲಿ ಹಿಡಿಯೋ ಜ್ಯಾಕ್ ಬ್ಲ್ಯಾಕ್ ಅನ್ನೋನು ವಿಚಿತ್ರ ಬಣ್ಣದ ಮರಿಗಳನ್ನ ಕೊಲ್ಲದೇ ಸಾಕಿ ಮಾರ್ತಿದ್ದನಂತೆ. ಆಮೇಲೆ ಪ್ರಯೋಗಾಲಯಕ್ಕೆ ಹೋದ್ವು. ನೂರು ವರ್ಷದಿಂದ ಮನುಷ್ಯರ ಕೈಯಲ್ಲೇ ಹುಟ್ಟಿ ಸಾಯ್ತಿರೋ ಪ್ರಾಣಿ."

"ಪ್ರಯೋಗಕ್ಕೆ ಬಂತು ಅಂತ ಋಣ ಅಂತೀಯಾ?"

"ಅಂತೀನಿ. 1912ರಲ್ಲಿ ಕೇಂಬ್ರಿಜ್‌ನಲ್ಲಿ ಹಾಪ್‌ಕಿನ್ಸ್ ಅನ್ನೋ ವಿಜ್ಞಾನಿ ಇಲಿಗಳಿಗೆ ಶುದ್ಧ ಮಾಡಿದ ಪ್ರೋಟೀನು, ಪಿಷ್ಟ, ಕೊಬ್ಬು, ಉಪ್ಪು ಕೊಟ್ರು, ಬೆಳವಣಿಗೆ ನಿಂತೋಯ್ತು. ಅದರ ಜತೆ ದಿನಕ್ಕೆ ಮೂರು ಮಿಲಿ ಹಾಲು ಕೊಟ್ರು, ಬೆಳೆದ್ವು. ವಿಟಮಿನ್ ಅನ್ನೋದು ಇದೆ ಅಂತ ಗೊತ್ತಾಗಿದ್ದರಲ್ಲಿ ಆ ಮೂರು ಮಿಲಿ ಪಾಲಿದೆ. ಇನ್ನೂ ಹತ್ರದ್ದು ಬೇಕಾ? ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ ಅನ್ನೋ ಡಾಕ್ಟ್ರು ಇಲಿಗಳನ್ನ ಗುಂಪು ಮಾಡಿ, ಒಂದಕ್ಕೆ ಸಿಖ್ಖರ ಊಟ, ಒಂದಕ್ಕೆ ಬಂಗಾಳಿಗಳ ಊಟ, ಒಂದಕ್ಕೆ ಮದ್ರಾಸಿನ ಊಟ ಅಂತ ಹಾಕಿದ್ರು. ಒಂದು ಗುಂಪಿಗೆ ಕನ್ನಡಿಗರ ಊಟ. ಗೋಧಿ, ಹಾಲು, ಬೇಳೆ, ತರಕಾರಿ ತಿಂದ ಸಿಖ್ಖರ ಗುಂಪು ಎಲ್ಲರಿಗಿಂತ ಚೆನ್ನಾಗಿ ಬೆಳೀತು, ಮದ್ರಾಸಿನ ಅಕ್ಕಿ ಊಟದ್ದು ಎಲ್ಲರಿಗಿಂತ ಹಿಂದೆ. ನಮ್ಮ ಊಟದ ಬಡತನಾನ ಇಲಿಗಳು ಮೈಯಲ್ಲಿ ತೋರಿಸಿದ್ವು."

"ಅದು ಆ ಇಲಿಗಳ ಋಣ. ಇದಕ್ಕೆ ಯಾಕೆ ತೀರಿಸ್ತೀಯ? ಅಂಗನವಾಡಿಗೆ ಹೋಗಿ ಕೂತ್ಕೊ, ತೂಕ ಇಳಿದಿರೋ ಮಕ್ಕಳು ಸಿಗ್ತಾರೆ."

"ಇವಳನ್ನ ಗೂಡಲ್ಲಿ ಇಟ್ಟಿದ್ದು ನಾನು. ಹೊರಗೆ ಹೋಗಿ ಹುಡುಕ್ಕೊಂಡು ತಿನ್ನೋ ದಾರಿ ಮುಚ್ಚಿದ್ದು ನಾನು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೂ ಇದೆ, ಸಾಕಿದೋರು ಸಾಕಷ್ಟು ಅನ್ನ ನೀರು ನೆರಳು ಕೊಡದಿದ್ರೆ ಅಪರಾಧ. ಮಕ್ಕಳ ಪಾಲಿನದು ಕಿತ್ತು ಇವಳಿಗೆ ಕೊಡ್ತಿಲ್ಲ ದೊಡ್ಡಮ್ಮ. ನನ್ನ ನಿದ್ದೆ ಕೊಡ್ತಿದೀನಿ."

ಈ ಪ್ರಶ್ನೆ ಅಲ್ಲಿಗೇ ನಿಂತಿತು. ದೊಡ್ಡಮ್ಮ ಅದನ್ನು ಬಿಟ್ಟುಕೊಡಲೂ ಇಲ್ಲ, ಮತ್ತೆ ಎತ್ತಲೂ ಇಲ್ಲ. ಬದಲಿಗೆ ಗೂಡಿನೊಳಗಿನ ಇನ್ನೊಂದು ಇಲಿಯ ಕಡೆ ನೋಡಿದರು. ಅದು ಬಂದು ಕಾಯಿಲೆಯ ಇಲಿಗೆ ಒತ್ತಿಕೊಂಡು ಮಲಗಿತ್ತು.

"ಅದನ್ನ ಬೇರೆ ಇಡು. ಅಂಟುತ್ತೆ."

"ಅಂಟೋದು ಎರಡು ವರ್ಷದಿಂದ ಅಂಟಿದೆ. ಒಂಟಿ ಮಾಡಿದ್ರೆ ಇಲಿ ಕುಗ್ಗಿಹೋಗುತ್ತೆ. ಬೆಚ್ಚಗೂ ಇರುತ್ತೆ ಜತೆಗಿದ್ರೆ. ತಿನ್ಸೋ ಹೊತ್ತಲ್ಲಿ ಮಾತ್ರ ಆಚೆ ಇಡ್ತೀನಿ, ಇಲ್ಲಾಂದ್ರೆ ಮೊಟ್ಟೆಯೆಲ್ಲ ಅದೇ ಕದೀತದೆ."

ನಿಜವಾದ ಭಿನ್ನಾಭಿಪ್ರಾಯ ಕೊನೆಗೆ ಹೊರಬಂತು, ಮತ್ತು ಅದು ಯಾರೂ ಎಣಿಸಿದ ದಿಕ್ಕಿನಿಂದ ಬರಲಿಲ್ಲ. ಬಲವಂತ ಬೇಡ ಎನ್ನುತ್ತಿದ್ದವರು ದೊಡ್ಡಮ್ಮ. ಹುಡುಗಿ ಕೇಳಿದಳು:

"ಸರಿ, ನಾಳೆ ಮೊಟ್ಟೆಯನ್ನೂ ಮುಟ್ಟಲಿಲ್ಲ ಅಂದ್ಕೊಳ್ಳಿ. ತಿನ್ಸೋದು ನಿಲ್ಲಿಸ್ತೀನಿ. ಆಮೇಲೆ?"

"ಆಮೇಲೇನು, ಬೆಚ್ಚಗೆ ಇಡು. ಹತ್ತಿಯಲ್ಲಿ ತುಟಿ ಒದ್ದೆ ಮಾಡು. ಕೊನೇಗಳಿಗೆಯಲ್ಲಿ ಬಾಯಿಗೆ ನೀರು ಬಿಡ್ತೀವಲ್ಲ, ಹಾಗೆ. ತಾನಾಗಿ ಹೋಗ್ಲಿ."

"ತಾನಾಗಿ ಹೋಗೋಕೆ ಎರಡು ದಿನ ಆಗಬಹುದು, ನಾಲ್ಕೂ ಆಗಬಹುದು. ಗಡ್ಡೆ ಮೆದುಳನ್ನ ಒತ್ತುತ್ತಿರುತ್ತೆ. ಅಷ್ಟೂ ಹೊತ್ತು ನೋಡ್ತಾ ಕೂರೋದು ಬಲವಂತ ಅಲ್ವಾ? ಡಾಕ್ಟ್ರು ಮೊದಲು ಅರಿವಳಿಕೆ ಅನಿಲ ಕೊಟ್ಟು ಮಲಗಿಸಿ, ಆಮೇಲೆ ಇಂಜೆಕ್ಷನ್ ಕೊಡ್ತಾರೆ. ನಾನು ಅದನ್ನ ಮಾಡ್ಸೋಕೆ ತಯಾರಿದೀನಿ."

"ಮೂರು ದಿನ ನಿದ್ದೆಗೆಟ್ಟು ಉಳಿಸಿ, ನಾಲ್ಕನೇ ದಿನ ಸೂಜಿ ಹಾಕಿ ಕೊಲ್ಲೋದಾ?"

"ಔಷಧಿಗೆ ಉತ್ತರ ಬರೋವರೆಗೆ ಕಾಯ್ತಿದೀನಿ. ಉತ್ತರ ಇಲ್ಲ ಅಂತ ಬಂದ್ರೆ, ಕಾಯೋದಕ್ಕೆ ಏನಿದೆ?"

"ಸಾಯೋದಕ್ಕೂ ಒಂದು ಹೊತ್ತು ಬೇಕಲ್ಲೇ. ಅದನ್ನ ನಾವು ಯಾಕೆ ಕಿತ್ಕೋಬೇಕು? ಆಸ್ಪತ್ರೆಯಲ್ಲಿ ಎಷ್ಟು ಜನರ ಕೈ ಹಿಡ್ಕೊಂಡು ಕೂತಿದೀನಿ. ಕೊನೇ ದಿನ ಎಲ್ಲಾನೂ ಬರೀ ನೋವೇ ಆಗಿರಲಿಲ್ಲ."

"ಅವರು ನಿಮಗೆ ಹೇಳ್ತಿದ್ರು, ನೋವಿದೆ, ನೋವಿಲ್ಲ ಅಂತ. ಇವಳು ಬಚ್ಚಿಡ್ತಾಳೆ. ಹದ್ದು, ಹಾವಿಗೆ ಕಾಣದ ಹಾಗೆ ಸಂಕಟ ಅಡಗಿಸೋದೇ ಈ ಪ್ರಾಣಿಯ ಬದುಕು."

"ಅದಕ್ಕೇ ಅಳತೆಪಟ್ಟಿ ಇದೆ ಅಂದ್ಯಲ್ಲ?"

"ಇದೆ. ಆದ್ರೆ ಅದು ಎಷ್ಟು ನೋವು ಅಂತ ಹೇಳುತ್ತೆ. ಎಷ್ಟು ಸಾಕು ಅಂತ ಹೇಳಲ್ಲ."

ಹುಡುಗಿ ಪಟ್ಟಿಯ ಕೆಳಗೆ ಮೂರು ಸಾಲು ಬರೆದಳು. ತೂಕ 260ಕ್ಕಿಂತ ಇಳಿದರೆ ಅಂದೇ ವೈದ್ಯರ ಬಳಿಗೆ ಹೋಗುವುದು. ದೊಡ್ಡಮ್ಮ ಅದನ್ನು 270 ಎಂದು ತಿದ್ದಿಸಿದರು, ಹುಡುಗಿ ಒಪ್ಪಿದಳು. ಉಸಿರಿಗೆ ಪಕ್ಕೆ ಸೆಳೆದುಕೊಂಡರೆ, ಬಾಯಿ ತೆರೆದು ಉಸಿರಾಡಿದರೆ ಬಾಯಿಗೆ ಏನೂ ಹಾಕುವಂತಿಲ್ಲ, ನೇರ ಆಸ್ಪತ್ರೆ. ಇದಕ್ಕೆ ಚರ್ಚೆಯೇ ಇರಲಿಲ್ಲ. ಮೂರನೆಯದು: ಒಂದಿಡೀ ದಿನ ಇಷ್ಟದ ತಿಂಡಿಗೂ ತಲೆ ತಿರುಗಿಸಿದರೆ ತಿನ್ನಿಸುವುದು ನಿಲ್ಲಿಸಿ, ಇಂಜೆಕ್ಷನ್‌ಗೆ ಕರೆದೊಯ್ಯುವುದು. ಸಾಲಿನ ಮೊದಲ ಅರ್ಧಕ್ಕೆ ದೊಡ್ಡಮ್ಮ ತಲೆಯಾಡಿಸಿದರು. ಎರಡನೆಯ ಅರ್ಧಕ್ಕೆ ಅಡ್ಡಗೆರೆ ಎಳೆದರು. ಹುಡುಗಿ ಅದನ್ನು ಪಕ್ಕದಲ್ಲಿ ಮತ್ತೆ ಬರೆದಳು.

"ಮುಂದಿನ ಹೊತ್ತು ಎಷ್ಟಕ್ಕೆ?"

"ನಾಲ್ಕೂವರೆಗೆ. ಆಮೇಲೆ ಆರಕ್ಕೆ ಡಾಕ್ಟ್ರು."

"ನಾಲ್ಕೂವರೇದು ನಾನು ನೋಡ್ಕೊಳ್ತೀನಿ, ನೀನು ಮಲಗು. ಚಮಚದಲ್ಲೇ ಕೊಡ್ತೀನಿ, ಎರಡು ಮಿಲಿಗೆ ತಲೆ ತಿರುಗಿಸಿದ್ರೆ ಎರಡೇ ಅಂತ ಬರೀತೀನಿ. ಡಾಕ್ಟ್ರ ಹತ್ರ ನಾನೂ ಬರ್ತೀನಿ. ಗಡ್ಡೆ ಅಂತ ಖಾತ್ರಿ ಆದ್ರೆ ಮನೆಯಲ್ಲೇ ನೋವು ಕಡಿಮೆ ಮಾಡೋ ಔಷಧಿ ಕೊಟ್ಟು ಇಟ್ಕೋಬಹುದಾ ಅಂತ ಅವರನ್ನ ಕೇಳ್ಬೇಕು."

"ಕೇಳಿ. ಅವರು ಆಗಲ್ಲ ಅಂದ್ರೆ?"

"ಆಗಲ್ಲ ಅಂದ್ರೆ ಎಷ್ಟು ದಿನಕ್ಕೆ ಆಗಲ್ಲ ಅಂತ ಕೇಳ್ತೀನಿ."